ಎಸಿಎಲ್ ಹರಿದಿದೆ ಅಂದರೆ: ವ್ಯಾಯಾಮವೋ, ಆಪರೇಷನ್ನೋ? ಆಪರೇಷನ್ ಆದರೆ ಯಾವ ಸ್ನಾಯುವಿನಿಂದ ಸಾಲ?

ಮದುವೆಮನೆ. ಹುಳಿ ಬಕೆಟ್ ಹಿಡಿದು ಪಂಕ್ತಿಯ ತುದಿ ಮುಟ್ಟಿದ ಹುಡುಗ ವಾಪಸ್ ತಿರುಗಿದ. ಪಾದ ಊರಿದಲ್ಲೇ ಇತ್ತು, ಮೈ ತಿರುಗಿತು. ನಡುವೆ ಸಿಕ್ಕಿಕೊಂಡ ಮೊಣಕಾಲು ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ಜಾರಿತು. ಬಕೆಟ್ ಸಮೇತ ಕುಸಿದು ಕೂತ.

ಅದಕ್ಕೂ ಎರಡು ತಿಂಗಳ ಮುಂಚೆ ಊರ ಕಬಡ್ಡಿಯಲ್ಲಿ ಬೋನಸ್ ಗೆರೆ ದಾಟಿ ಹಿಂದಿರುಗುವಾಗ, ಯಾರೂ ಮೈ ಮುಟ್ಟದೆಯೇ, ಅದೇ ಮೊಣಕಾಲಲ್ಲಿ 'ಟಕ್' ಅಂದಿತ್ತಂತೆ. ಒಂದೆರಡು ಗಂಟೆಯಲ್ಲೇ ಊದಿಕೊಂಡಿತು. ಉಳುಕು ತೆಗೆಯುವವರ ಹತ್ತಿರ ಎಣ್ಣೆ ಹಾಕಿ ನೀವಿಸಿಕೊಂಡ, ಬಟ್ಟೆ ಕಟ್ಟಿಸಿಕೊಂಡ. ಮೂರು ವಾರಕ್ಕೆ ಊತ ಇಳಿಯಿತು, ಕುಂಟು ನಿಂತಿತು, ವಾಸಿಯಾಯಿತು ಅಂದುಕೊಂಡ. ಮದುವೆಯ ಮರುದಿನ ನನ್ನ ಮುಂದೆ ಕೂತು ಹೇಳಿದ್ದು ಒಂದೇ ಮಾತು: "ಸಾರ್, ನಡೆಯೋಕೆ ಏನೂ ತೊಂದ್ರೆ ಇಲ್ಲ. ತಿರುಗೋಕೇ ಭಯ."

ಎಂಆರ್‌ಐ ಬರುವ ಮೊದಲೇ ಆ ಮಾತಿನಲ್ಲಿ ಅರ್ಧ ರೋಗನಿರ್ಣಯ ಆಗಿಹೋಗಿತ್ತು. ಫಿಸಿಯೋಥೆರಪಿಸ್ಟ್ ಆಗಿ ನಾನು ನೋಡುವ, ಎಸಿಎಲ್ ಎಂಬ ಮೊಣಕಾಲೊಳಗಿನ ಲಿಗಮೆಂಟ್ ಹರಿದ ಪೇಷೆಂಟುಗಳೆಲ್ಲ ಎರಡು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಆಪರೇಷನ್ ಮಾಡಿಸಲೇಬೇಕಾ? ಮಾಡಿಸಿದರೆ ಯಾವ ಗ್ರಾಫ್ಟ್, ಅಂದರೆ ಹರಿದದ್ದರ ಜಾಗಕ್ಕೆ ಬೇರೆಡೆಯಿಂದ ತಂದು ಕೂರಿಸುವ ಹಗ್ಗ, ಒಳ್ಳೆಯದು? ಎರಡಕ್ಕೂ ಉತ್ತರ ಫಿಲ್ಮಿನಲ್ಲಿ ಇರುವುದಿಲ್ಲ. ನಿಮ್ಮ ದಿನಚರಿ ಮೊಣಕಾಲಿನಿಂದ ಎಷ್ಟು ತಿರುವು ಕೇಳುತ್ತದೆ, ಯಾವ ಸ್ನಾಯುವಿನ ಕೆಲಸ ಸ್ವಲ್ಪ ಕಡಿಮೆಯಾದರೂ ನಿಮಗೆ ನಡೆಯುತ್ತದೆ ಅನ್ನುವುದರಲ್ಲಿ ಇರುತ್ತದೆ.

ಮೊಣಕಾಲು ಬರೀ ಬಾಗಿಲ ಕೀಲಲ್ಲ

ಕುರ್ಚಿಯಲ್ಲಿ ಕೂತು ಓದುತ್ತಿದ್ದರೆ ಈಗಲೇ ಮಾಡಿ ನೋಡಿ. ಮೊಣಕಾಲು ತೊಂಬತ್ತು ಡಿಗ್ರಿ ಮಡಚಿರಲಿ. ಮೊಣಕಾಲ ಕೆಳಗೆ ಮುಂಭಾಗದ ಮೂಳೆಯ ಮೇಲೆ ಕೈ ಇಡಿ. ತೊಡೆ ಅಲ್ಲಾಡಿಸದೆ, ಹಿಮ್ಮಡಿ ಎತ್ತದೆ, ಪಾದದ ತುದಿಯನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ. ಕೈಯಡಿ ಮೂಳೆ ಹೊರಳುವುದು ತಿಳಿಯುತ್ತದೆ. ಹೊರಕ್ಕೆ ಹೆಚ್ಚುಕಡಿಮೆ 40 ಡಿಗ್ರಿ, ಒಳಕ್ಕೆ 30ರ ಆಸುಪಾಸು. ಈಗ ಕಾಲನ್ನು ಪೂರ್ತಿ ನೀಡಿ ಅದನ್ನೇ ಮಾಡಿ. ತಿರುಗುವುದು ಸೊಂಟದ ಕೀಲಷ್ಟೇ. ಮೊಣಕಾಲು ಬೀಗ ಹಾಕಿಕೊಂಡಿರುತ್ತದೆ.

ಈ ಬೀಗ ಬೀಳುವುದೂ ಒಂದು ತಿರುವಿನಿಂದಲೇ. ಕಾಲು ನೆಟ್ಟಗಾಗುವ ಕೊನೆಯ ಇಪ್ಪತ್ತು ಡಿಗ್ರಿಯಲ್ಲಿ ಟಿಬಿಯಾ, ಅಂದರೆ ಮೊಣಕಾಲ ಕೆಳಗಿನ ದಪ್ಪ ಮೂಳೆ, ತಾನಾಗಿ ಸ್ವಲ್ಪ ಹೊರಕ್ಕೆ ತಿರುಗಿ ಸ್ಕ್ರೂ ಬಿಗಿದಂತೆ ಕೂರುತ್ತದೆ. ಹಾಗಾಗಿಯೇ ನಾವು ತೊಡೆ ದಣಿಸಿಕೊಳ್ಳದೆ ಗಂಟೆಗಟ್ಟಲೆ ನಿಲ್ಲಬಲ್ಲೆವು. ಮತ್ತೆ ಮಡಚುವಾಗ ಬೀಗ ತೆಗೆಯುವುದು ಮೊಣಕಾಲ ಹಿಂದೆ ಅಡಗಿರುವ ಪಾಪ್ಲಿಟಿಯಸ್ ಎಂಬ ಪುಟ್ಟ ಸ್ನಾಯು.

ಎಸಿಎಲ್ ಕೀಲಿನ ನಟ್ಟನಡುವೆ ಓರೆಯಾಗಿ ಹಾದುಹೋಗುವ, ಸುಮಾರು 3 ಸೆಂಟಿಮೀಟರ್ ಉದ್ದದ ಹಗ್ಗ. (ನಮ್ಮಲ್ಲಿ ಲಿಗಮೆಂಟಿಗೂ ನರ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ನಿಗೂ ನರ, ನಿಜವಾದ ನರಕ್ಕೂ ನರ. ಇದು ನರ ಅಲ್ಲ. ಮೂಳೆಗೆ ಮೂಳೆ ಕಟ್ಟುವ ಹಗ್ಗ.) ಟಿಬಿಯಾ ಮುಂದಕ್ಕೆ ಜಾರದಂತೆ ತಡೆಯುವುದು ಅದರ ಮೊದಲ ಕೆಲಸ. ಮಿತಿಮೀರಿ ತಿರುಗದಂತೆ, ಅದರಲ್ಲೂ ಒಳಕ್ಕೆ ಹೊರಳದಂತೆ ಕಾಯುವುದು ಎರಡನೆಯದು. ನೇರ ನಡಿಗೆಯಲ್ಲಿ ಈ ಎರಡನೆಯ ಕೆಲಸಕ್ಕೆ ಬೇಡಿಕೆ ಕಡಿಮೆ. ಅದಕ್ಕೇ ಹರಿದವರು ಮಾರ್ಕೆಟ್ಟಿಗೆ ಹೋಗಿ ಬರುತ್ತಾರೆ, ಪಂಕ್ತಿಯ ತುದಿಯಲ್ಲಿ ಬೀಳುತ್ತಾರೆ.

ಸ್ನಾಯುಗಳ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಗ್ರಾಫ್ಟ್ ಆರಿಸುವಾಗ ಬೇಕಾಗುತ್ತದೆ. ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಕಾಲನ್ನು ನೀಡುತ್ತದೆ. ಮೊಣಕಾಲು ಬಹುಪಾಲು ನೆಟ್ಟಗಿದ್ದಾಗ ಜೋರಾಗಿ ಎಳೆದರೆ ಟಿಬಿಯಾವನ್ನು ಮುಂದಕ್ಕೂ ಎಳೆಯುತ್ತದೆ, ಅಂದರೆ ಎಸಿಎಲ್ ವಿರುದ್ಧ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಎಸಿಎಲ್ ಪರ. ಈ ಹ್ಯಾಮ್‌ಸ್ಟ್ರಿಂಗ್‌ಗಳು ಗಾಡಿ ಹೊಡೆಯುವವನ ಕೈಯಲ್ಲಿನ ಎರಡು ಹಗ್ಗದಂತೆ. ಹೊರಬದಿಯ ಬೈಸೆಪ್ಸ್ ಫೆಮೊರಿಸ್ ಎಳೆದರೆ ಕಾಲು ಹೊರಕ್ಕೆ ತಿರುಗುತ್ತದೆ, ಒಳಬದಿಯ ಸೆಮಿಟೆಂಡಿನೋಸಸ್ ಎಳೆದರೆ ಒಳಕ್ಕೆ. ಮೇಲೆ ಪೃಷ್ಠದ ಗ್ಲೂಟಿಯಸ್ ಸ್ನಾಯುಗಳು ತೊಡೆ ಒಳಕ್ಕೆ ಕುಸಿಯದಂತೆ ಹಿಡಿದಿರುತ್ತವೆ.

ಇಷ್ಟೆಲ್ಲ ಕಾವಲಿದ್ದೂ ಯಾಕೆ ಹರಿಯುತ್ತದೆ? ಹ್ಯಾಂಡ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಾರ್ತಿಯರ ವಿಡಿಯೋಗಳನ್ನು ಫ್ರೇಮ್ ಫ್ರೇಮಾಗಿ ಅಳೆದಾಗ, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನಲ್ಲೇ ಎಸಿಎಲ್ ಹರಿದಿರುತ್ತದೆ ಎಂದು ಕಂಡುಬಂತು. ಜಾರಿತು ಅಂತ ತಿಳಿದ ಮೇಲೆ ಸ್ನಾಯು ಬಿಗಿಹಿಡಿಯಲು ಅಷ್ಟು ಹೊತ್ತು ಸಾಲದು. ಕಾಲು ಊರುವ ಮೊದಲೇ ಸ್ನಾಯು ಸಿದ್ಧವಾಗಿರಬೇಕು. ವ್ಯಾಯಾಮದಿಂದ ಕಲಿಸಬೇಕಾದದ್ದು ಈ ಸಿದ್ಧತೆಯನ್ನು. ಬರೀ ತೊಡೆ ದಪ್ಪ ಮಾಡಿದರೆ ಆಗುವುದಿಲ್ಲ.

ಮೊದಲ ಆಯ್ಕೆ: ವ್ಯಾಯಾಮವೋ, ಆಪರೇಷನ್ನೋ

'ಎಸಿಎಲ್ ಹರಿದರೆ ಆಪರೇಷನ್ನೇ ಗತಿ' ಅನ್ನುವ ಮಾತನ್ನು ಸ್ವೀಡನ್ನಿನಲ್ಲಿ ಪರೀಕ್ಷೆಗೆ ಒಡ್ಡಿದರು. 18ರಿಂದ 35 ವಯಸ್ಸಿನ, ಆಟವಾಡುವ ಆದರೆ ವೃತ್ತಿಪರರಲ್ಲದ 121 ಜನ. ಅರ್ಧದಷ್ಟು ಮಂದಿಗೆ ಬೇಗನೆ ಆಪರೇಷನ್, ಉಳಿದವರಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಮೇಲೆ ಆಪರೇಷನ್. 2010ರಲ್ಲಿ ಎರಡು ವರ್ಷದ ಫಲಿತಾಂಶ, 2013ರಲ್ಲಿ ಐದು ವರ್ಷದ್ದು ಪ್ರಕಟವಾಯಿತು. ನೋವು, ದಿನನಿತ್ಯದ ಚಟುವಟಿಕೆ, ಆಟ ಇವುಗಳ ಅಂಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ವ್ಯಾಯಾಮದ ಗುಂಪಿನಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧ ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. 2021ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಇಂಥದ್ದೇ ಅಧ್ಯಯನದಲ್ಲಿ ಬೇಗ ಆಪರೇಷನ್ ಆದವರ ಅಂಕ ಸ್ವಲ್ಪ ಮೇಲಿತ್ತು, ಆದರೆ ಅಂತರ ಸಣ್ಣದು. ಅಲ್ಲೂ ವ್ಯಾಯಾಮದ ಗುಂಪಿನ ಅರ್ಧ ಜನ ಎರಡು ವರ್ಷದಲ್ಲಿ ಆಪರೇಷನ್ ಕಡೆ ಹೋದರು.

ಆಪರೇಷನ್ ಪರ ಇರುವವರು, ಅರ್ಧ ಜನಕ್ಕೆ ಕೊನೆಗೂ ಬೇಕಾಯ್ತಲ್ಲ ಅನ್ನುತ್ತಾರೆ. ನಾನು ಇನ್ನರ್ಧವನ್ನು ನೋಡುತ್ತೇನೆ. ನೀವು ಯಾವ ಅರ್ಧ ಎಂದು ತಿಳಿಯಲು ಮೂರು ತಿಂಗಳ ಒಳ್ಳೆಯ ವ್ಯಾಯಾಮ ಸಾಕು, ಮತ್ತು ಆ ಮೂರು ತಿಂಗಳು ವ್ಯರ್ಥವಲ್ಲ: ಆಪರೇಷನ್ ಮಾಡಿಸುವುದಾದರೂ ಊತ ಇಳಿದು, ಕಾಲು ಪೂರ್ತಿ ನೆಟ್ಟಗಾಗಿ, ತೊಡೆಗೆ ಬಲ ಬಂದ ಮೇಲೆ ಮಾಡಿಸಿದವರ ಮೊಣಕಾಲು ಬಿಗಿದುಕೊಳ್ಳುವುದು ಕಡಿಮೆ. ಊದಿದ ಮೊಣಕಾಲನ್ನು ಮೊದಲ ವಾರದಲ್ಲೇ ಥಿಯೇಟರಿಗೆ ಒಯ್ಯುವ ಆತುರ ಬಹುತೇಕ ಯಾರಿಗೂ ಬೇಡ.

ಒಂದು ಷರತ್ತು ಮಾತ್ರ ಇದೆ, ಅದನ್ನು ಸಡಿಲಿಸುವಂತಿಲ್ಲ. ಕಾಯುವ ಅವಧಿಯಲ್ಲಿ ಮೊಣಕಾಲು ಜಾರಬಾರದು. ಪ್ರತಿ ಸಲ ಜಾರಿದಾಗಲೂ ಎರಡು ಮೂಳೆಯ ನಡುವಿನ ಮೆನಿಸ್ಕಸ್ ಎಂಬ ಮೆತ್ತೆ ಅರೆಯಲ್ಪಡುತ್ತದೆ. ಹೋದ ಎಸಿಎಲ್ ಜಾಗದಲ್ಲಿ ಬೇರೆ ಕೂರಿಸಬಹುದು, ಸವೆದ ಮೆನಿಸ್ಕಸ್‌ಗೆ ಅಂಥ ಸುಲಭದ ಬದಲಿ ಇಲ್ಲ. ವ್ಯಾಯಾಮ ಮಾಡಿಯೂ ಜಾರುತ್ತಿದ್ದರೆ ಆಪರೇಷನ್ನೇ ಸರಿ. ಹಳೆಯ ಗಾಯದಿಂದ ಪದೇ ಪದೇ ಜಾರುವವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಆಪರೇಷನ್ ಪರವಾಗಿಯೇ ಬಂದಿದೆ. ಮೆನಿಸ್ಕಸ್ ಮಡಚಿ ಸಿಕ್ಕಿಕೊಂಡು ಕಾಲು ನೀಡಲು ಬರದಿದ್ದರೆ, ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹೋಗಿದ್ದರೆ, ಈ ಚರ್ಚೆಯನ್ನೇ ಬಿಟ್ಟು ಬೇಗ ಸರ್ಜನ್ ಹತ್ತಿರ ಹೋಗಿ.

ಹಾಗಾದರೆ ವ್ಯಾಯಾಮ ಯಾರಿಗೆ? ನಡಿಗೆ, ಸೈಕಲ್, ಈಜು, ಆಫೀಸು, ಡ್ರೈವಿಂಗ್, ಹೀಗೆ ನೇರ ದಾರಿಯ ಬದುಕಿನವರಿಗೆ. ಖೊಖೊ ಕಂಬ ಸುತ್ತುವವರು, ರೇಡರ್‌ಗಳು, ಫುಟ್‌ಬಾಲ್, ಬ್ಯಾಡ್ಮಿಂಟನ್ ಆಡುವವರು ಆಟಕ್ಕೆ ಮರಳಬೇಕೆಂದಿದ್ದರೆ ಬಹುಪಾಲು ಆಪರೇಷನ್ ಕಡೆಗೇ ವಾಲುತ್ತಾರೆ, ನಾನೂ ತಡೆಯುವುದಿಲ್ಲ. ಮಲೆನಾಡಿನ ತೋಟದ ಇಳಿಜಾರಿನಲ್ಲಿ ಹೊರೆ ಹೊತ್ತು ಇಳಿಯುವವರನ್ನು ನೇರ ದಾರಿಯವರ ಲೆಕ್ಕಕ್ಕೆ ಸೇರಿಸಬೇಡಿ. ಆಟಗಾರರಲ್ಲ ನಿಜ, ಆದರೆ ಅವರ ಮೊಣಕಾಲು ದಿನವಿಡೀ ತಿರುಗುತ್ತಿರುತ್ತದೆ.

ಆಪರೇಷನ್ ಮಾಡಿಸಿದರೆ ಮುಂದೆ ಸಂಧಿವಾತ ಬರುವುದಿಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಹರಿದ ಮೊಣಕಾಲಿಗೆ ಆ ಅಪಾಯ ಎರಡೂ ದಾರಿಯಲ್ಲಿ ಇದ್ದೇ ಇದೆ.

ರಿಪೋರ್ಟಿನ ಬಗ್ಗೆಯೂ ಒಂದು ಮಾತು. 'ಪಾರ್ಶಿಯಲ್ ಟೇರ್', ಅಂದರೆ ಪೂರ್ತಿ ಹರಿದಿಲ್ಲ, ಎಂಬ ಎರಡು ಪದ ನೋಡಿ ನೆಮ್ಮದಿಪಟ್ಟವರೂ ಇದ್ದಾರೆ, ಹೆದರಿದವರೂ ಇದ್ದಾರೆ. ಅನುಭವದ ಕೈ ತೊಡೆಯನ್ನು ಹಿಡಿದು, ಮೊಣಕಾಲನ್ನು ಸ್ವಲ್ಪವೇ ಮಡಚಿ, ಟಿಬಿಯಾವನ್ನು ಮುಂದಕ್ಕೆ ಎಳೆದು ನೋಡುವ ಲ್ಯಾಕ್ಮನ್ ಪರೀಕ್ಷೆ, ಕಾಲನ್ನು ಒಳಕ್ಕೆ ತಿರುಗಿಸಿ ಮಡಚುತ್ತಾ ಹೋಗುವ ಪಿವೊಟ್ ಶಿಫ್ಟ್ ಪರೀಕ್ಷೆ, ಇವೆರಡನ್ನೂ ಮಾಡಿಸಿಕೊಳ್ಳಿ. ಫಿಲ್ಮು ಹಗ್ಗದ ಚಿತ್ರ ತೋರಿಸುತ್ತದೆ, ಹಗ್ಗ ಬಿಗಿ ಇದೆಯೋ ಇಲ್ಲವೋ ಎಂದು ಹೇಳುವುದು ಕೈ. ಎಂಆರ್‌ಐ ಹಾಳೆಯನ್ನಷ್ಟೇ ನೋಡಿ, ಮೊಣಕಾಲು ಮುಟ್ಟದೆ ಆಪರೇಷನ್ ದಿನಾಂಕ ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ತಪ್ಪಲ್ಲ.

ಎರಡನೆಯ ಆಯ್ಕೆ: ಸಾಲ ಎಲ್ಲಿಂದ

ಹರಿದ ಎಸಿಎಲ್ ಅನ್ನು ಹೊಲಿಯುವುದು ಅಪರೂಪ. ಸಾಮಾನ್ಯವಾಗಿ ನಿಮ್ಮದೇ ಮೈಯ ಬೇರೊಂದು ಟೆಂಡನ್ ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಆ ಜಾಗದಲ್ಲಿ ಕೂರಿಸುತ್ತಾರೆ. ಇದನ್ನು ನಾನು ಸಾಲ ಅನ್ನುತ್ತೇನೆ. ಕೊಟ್ಟ ಸ್ನಾಯು ಬಡ್ಡಿ ಕಟ್ಟುತ್ತದೆ. ಯಾವ ಸ್ನಾಯು ಎಷ್ಟು ಬಡ್ಡಿ ಕಟ್ಟುತ್ತದೆ ಎಂಬುದನ್ನು ಕೇಳದೆ 'ಯಾವುದು ಬೆಸ್ಟ್' ಎಂದು ಕೇಳಿದರೆ ಸಿಗುವುದು ಆ ಸರ್ಜನ್‌ಗೆ ಕೈ ಪಳಗಿರುವ ಗ್ರಾಫ್ಟಿನ ಹೆಸರು. ಕೈ ಪಳಗಿರುವುದೂ ಸಣ್ಣ ವಿಷಯವೇನಲ್ಲ, ಆದರೂ ಕೇಳಿ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್. ಮೊಣಕಾಲ ಕೆಳಗೆ ಒಳಬದಿಯಲ್ಲಿ ಮೂರು ಟೆಂಡನ್‌ಗಳು ಬಾತುಕೋಳಿಯ ಪಾದದ ಹಾಗೆ ಹರಡಿ ಅಂಟಿಕೊಂಡಿರುತ್ತವೆ. ಅದರಲ್ಲಿ ಸೆಮಿಟೆಂಡಿನೋಸಸ್, ಬೇಕಾದರೆ ಗ್ರಾಸಿಲಿಸ್ ಕೂಡ, ಒಂದು ಸಣ್ಣ ಗಾಯದ ಮೂಲಕ ಎಳೆದು ತೆಗೆದು, ನಾಲ್ಕು ಎಳೆಯಾಗಿ ಮಡಚಿ ಗ್ರಾಫ್ಟ್ ಮಾಡುತ್ತಾರೆ. ಗಾಯ ಚಿಕ್ಕದು, ಮೊಣಕಾಲ ಮುಂಭಾಗ ನೋಯುವುದು ಕಡಿಮೆ. ಮಂಡಿಯೂರಿ ಕೂರಬೇಕಾದವರಿಗೆ ಇದು ದೊಡ್ಡ ಅನುಕೂಲ. ಬಡ್ಡಿ ಏನು? ಮೇಲೆ ಹೇಳಿದ ಎರಡು ಹಗ್ಗದಲ್ಲಿ ಒಳಗಿನ ಹಗ್ಗ ಇದೇ. ಕಾಲನ್ನು ಒಳಕ್ಕೆ ತಿರುಗಿಸುವ ಬಲವೂ, ಪೂರ್ತಿ ಮಡಚಿದ ಸ್ಥಿತಿಯಲ್ಲಿ ಎಳೆಯುವ ಬಲವೂ ಕಡಿಮೆಯಾಗುತ್ತದೆ. ಎಸಿಎಲ್ ಪರವಾಗಿ ಎಳೆಯುವ ಸ್ನಾಯುವಿನಿಂದಲೇ ಎಸಿಎಲ್‌ಗೆ ಸಾಲ ತಂದಂತೆ ಆಯಿತು. ನೇರ ಓಡುವವರಿಗೆ, ಆಫೀಸಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಕುಸ್ತಿಯವರಿಗೆ, ನೂರು ಮೀಟರ್ ಓಟಗಾರರಿಗೆ, ಹಿಮ್ಮಡಿಯನ್ನು ಪೃಷ್ಠಕ್ಕೆ ತಾಗಿಸಬೇಕಾದ ನರ್ತಕರಿಗೆ ಗೊತ್ತಾಗುತ್ತದೆ. ತೆಗೆದ ಟೆಂಡನ್ ಎಷ್ಟೋ ಜನರಲ್ಲಿ ಮತ್ತೆ ಬೆಳೆಯುತ್ತದೆ ಎಂಬುದು ಪ್ರಕೃತಿಯ ವಿಚಿತ್ರ, ಆದರೆ ಹಳೆಯ ಜಾಗದಲ್ಲಿ, ಹಳೆಯ ಬಲದಲ್ಲಿ ಬರುವ ಖಾತ್ರಿ ಇಲ್ಲ. ದಪ್ಪವನ್ನೂ ಕೇಳಿಕೊಳ್ಳಿ: ಗ್ರಾಫ್ಟ್ 8 ಮಿಲಿಮೀಟರಿಗಿಂತ ಸಪುರವಾದರೆ ಮತ್ತೆ ಹರಿಯುವ ಸಂಭವ ಹೆಚ್ಚು. ಕುಳ್ಳಗೆ, ಸಣಕಲಾಗಿ ಇರುವವರಲ್ಲಿ ಈ ತೊಂದರೆ ಜಾಸ್ತಿ.

ಇನ್ನೊಂದು, ಬಿಟಿಬಿ ಎಂದು ಕರೆಯುವುದು: ಮೂಳೆ-ಟೆಂಡನ್-ಮೂಳೆ. ಮಂಡಿಚಿಪ್ಪಿನ ಕೆಳಗಿನ ಟೆಂಡನ್ನಿನ ನಡುಭಾಗದಿಂದ ಸುಮಾರು 10 ಮಿಲಿಮೀಟರ್ ಅಗಲದ ಪಟ್ಟಿಯನ್ನು ಎರಡು ಕಡೆಯ ಮೂಳೆಯ ತುಣುಕು ಸಮೇತ ತೆಗೆಯುತ್ತಾರೆ. ಸುರಂಗದಲ್ಲಿ ಮೂಳೆಗೆ ಮೂಳೆ ಕೂಡುವುದರಿಂದ ಆರು ವಾರದ ಸುಮಾರಿಗೆ ಬೆಸುಗೆ ಬೀಳುತ್ತದೆ. ಬರೀ ಟೆಂಡನ್ ಮೂಳೆಗೆ ಅಂಟಲು ಇನ್ನೂ ಹೆಚ್ಚು ವಾರ ಬೇಕು. ಸ್ಕ್ಯಾಂಡಿನೇವಿಯಾದ ದೇಶಗಳು ಇಟ್ಟಿರುವ ದಾಖಲೆಯಲ್ಲಿ ಬಿಟಿಬಿ ಆದವರಿಗೆ ಮರು-ಆಪರೇಷನ್ ಹ್ಯಾಮ್‌ಸ್ಟ್ರಿಂಗ್ ಆದವರಿಗಿಂತ ಸ್ವಲ್ಪ ಕಡಿಮೆ. ಹದಿಹರೆಯದ, ತಿರುವಿನ ಆಟದವರಿಗೆ ಅನೇಕ ಸರ್ಜನ್‌ಗಳು ಇದನ್ನೇ ಹೇಳುವುದು ಅದಕ್ಕೆ. ಬಡ್ಡಿ: ಮಂಡಿಯೂರಿದಾಗ ನೋವು, ಕೆಲವರಿಗೆ ವರ್ಷಗಟ್ಟಲೆ. ಪರದೇಶದ ಲೇಖನಗಳಲ್ಲಿ ಇದು ಸಣ್ಣ ದೂರಾಗಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮಾಜ್ ಮಾಡುವವರಿಗೆ, ಟೈಲ್ಸ್ ಹಾಕುವವರಿಗೆ, ಮಂಡಿಯೂರಿ ನೆಲ ಒರೆಸುವವರಿಗೆ, ಬಡಗುತಿಟ್ಟಿನಲ್ಲಿ ಮಂಡಿ ಹಾಕಿ ಸುತ್ತುವ ಯಕ್ಷಗಾನ ಕಲಾವಿದರಿಗೆ ಅದು ದಿನದ ಕೂಲಿಯ, ದಿನದ ಪ್ರಾರ್ಥನೆಯ ಪ್ರಶ್ನೆ.

ಈ ಎರಡರ ನಡುವಿನದು ಕ್ವಾಡ್ರಿಸೆಪ್ಸ್ ಟೆಂಡನ್, ಮಂಡಿಚಿಪ್ಪಿನ ಮೇಲಿನದು. ದಪ್ಪಗೆ ಸಿಗುತ್ತದೆ, ಮಂಡಿಯೂರುವ ನೋವು ಬಿಟಿಬಿಗಿಂತ ಕಡಿಮೆ, ಹ್ಯಾಮ್‌ಸ್ಟ್ರಿಂಗ್ ಮುಟ್ಟುವ ಅಗತ್ಯ ಇಲ್ಲ. ತೊಡೆ ಮುಂಭಾಗದ ಬಲ ಮೊದಲ ತಿಂಗಳುಗಳಲ್ಲಿ ಚೆನ್ನಾಗಿಯೇ ಕುಸಿಯುತ್ತದೆ, ಎದ್ದು ನಿಲ್ಲಿಸಲು ಬೆವರು ಸುರಿಸಬೇಕು. ಹತ್ತಿರದಲ್ಲಿ ಒಳ್ಳೆಯ ಫಿಸಿಯೋ ಇಲ್ಲದವರಿಗೆ ನಾನು ಇದನ್ನು ಹೇಳಲು ಹಿಂಜರಿಯುತ್ತೇನೆ.

ಈಚೆಗೆ ನಮ್ಮ ಕಡೆ ಪೆರೋನಿಯಸ್ ಲಾಂಗಸ್ ಕೂಡ ಬಳಸುತ್ತಾರೆ, ಹೊರ ಹರಡಿನ ಹಿಂದಿನಿಂದ ತೆಗೆಯುವ ಟೆಂಡನ್. ಪಾದ ಒಳಕ್ಕೆ ಮಗುಚಿ ಉಳುಕದಂತೆ ಕಾಯುವ ಸ್ನಾಯು ಅದು. ತೆಗೆದ ಮೇಲೂ ಹೆಚ್ಚಿನವರ ನಡಿಗೆ ಚೆನ್ನಾಗಿಯೇ ಇರುತ್ತದೆ ಎಂದು ವರದಿಗಳಿವೆ. ಆದರೂ ಗದ್ದೆಯ ಬದುವಿನ ಮೇಲೆ ನಡೆಯುವವರ ಪಾದದಿಂದ ಅದನ್ನು ಮೊದಲ ಆಯ್ಕೆಯಾಗಿ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಹಲವು ಲಿಗಮೆಂಟ್ ಒಟ್ಟಿಗೆ ಹೋಗಿ, ಎಲ್ಲಿಂದಾದರೂ ಸಾಲ ಬೇಕಾದಾಗ ಅದು ಉಪಕಾರಿ. ದಾನಿಗಳ ಟೆಂಡನ್ ಚಿಕ್ಕ ವಯಸ್ಸಿನವರಲ್ಲಿ ಬೇಗ ಹರಿಯುತ್ತದೆ. ಕೃತಕ ಹಗ್ಗಗಳ ಹುಚ್ಚು 1980ರ ದಶಕದಲ್ಲಿ ಬಂದು, ಹರಿದು, ಕೀಲು ಊದಿಸಿ ಹೋಗಿದೆ.

ತಿರುವಿಗೆ ಇನ್ನೊಂದು ಪಟ್ಟಿ

ಒಳಗಿನ ಗ್ರಾಫ್ಟ್ ಟಿಬಿಯಾ ಮುಂದೆ ಜಾರುವುದನ್ನು ಚೆನ್ನಾಗಿ ತಡೆಯುತ್ತದೆ, ತಿರುಗುವುದನ್ನು ಅಷ್ಟು ಚೆನ್ನಾಗಿ ಅಲ್ಲ. ಕೀಲಿನ ನಡುವೆ ಇರುವ ಹಗ್ಗಕ್ಕೆ ತಿರುವಿನ ಮೇಲೆ ಹಿಡಿತ ಕಡಿಮೆ. ಬೀಸುವ ಕಲ್ಲನ್ನು ನಡುಗೂಟದ ಹತ್ತಿರ ಹಿಡಿದು ನಿಲ್ಲಿಸುವುದಕ್ಕೂ ಅಂಚಿನ ಗೂಟ ಹಿಡಿದು ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ. ಅದಕ್ಕೇ ಕೆಲವರಿಗೆ ತೊಡೆಯ ಹೊರಬದಿಯ ಅಗಲ ಪಟ್ಟಿಯಿಂದ ಒಂದು ಎಳೆ ತೆಗೆದು, ಕೀಲಿನ ಹೊರಗಡೆ ಬಿಗಿದು ಕಟ್ಟುತ್ತಾರೆ. ಎಲ್‌ಇಟಿ ಎನ್ನುತ್ತಾರೆ. 14ರಿಂದ 25 ವಯಸ್ಸಿನ 618 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಆದವರಲ್ಲಿ ನೂರಕ್ಕೆ 11 ಮಂದಿಗೆ ಎರಡು ವರ್ಷದೊಳಗೆ ಗ್ರಾಫ್ಟ್ ಹರಿದರೆ, ಎಲ್‌ಇಟಿಯೂ ಆದವರಲ್ಲಿ ಅದು 4ಕ್ಕೆ ಇಳಿದಿತ್ತು. ಹೊರಬದಿಯಲ್ಲಿ ಇನ್ನೊಂದು ಗಾಯ, ಮೊದಮೊದಲು ಹೆಚ್ಚು ನೋವು ಇದರ ಬೆಲೆ. ಇಪ್ಪತ್ತೈದರ ಒಳಗಿನ ರೇಡರ್‌ಗೆ ಕೊಡಬಹುದಾದ ಬೆಲೆ, ನಲವತ್ತೈದರ ಬ್ಯಾಂಕ್ ನೌಕರರಿಗೆ ಬೇಕಿಲ್ಲ.

ಮೂರನೆಯ ತಿಂಗಳ ಮೋಸ

ಇದು ಆಯ್ಕೆಯೇ ಅಲ್ಲ ಎಂದು ಜನ ಅಂದುಕೊಳ್ಳುವ ಆಯ್ಕೆ: ಯಾವಾಗ ಮರಳುವುದು. ಮೂರನೆಯ ತಿಂಗಳಲ್ಲಿ ನೋವಿಲ್ಲ, ಊತವಿಲ್ಲ, ಮೆಟ್ಟಿಲು ಹತ್ತುತ್ತೀರಿ. ಗ್ರಾಫ್ಟ್ ಅತಿ ದುರ್ಬಲವಾಗಿರುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕೂರಿಸಿದ ಟೆಂಡನ್‌ಗೆ ಹೊಸ ರಕ್ತನಾಳ ಮೂಡಿ, ಅದು ಲಿಗಮೆಂಟಾಗಿ ಮಾರ್ಪಡುವ ಮೊದಲು ಒಮ್ಮೆ ಸೊರಗುತ್ತದೆ. ನಾರ್ವೆಯಲ್ಲಿ 106 ಜನರನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮೊಣಕಾಲು ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ತೊಡೆಯ ಬಲ ಮತ್ತು ಒಂಟಿಕಾಲ ಜಿಗಿತದ ಪರೀಕ್ಷೆಗಳಲ್ಲಿ ಇನ್ನೊಂದು ಕಾಲಿನ ನೂರಕ್ಕೆ 90ರಷ್ಟಾದರೂ ಮುಟ್ಟಿ ಪಾಸಾದವರಲ್ಲಿ ಮತ್ತೆ ಪೆಟ್ಟಾದದ್ದು ನೂರಕ್ಕೆ 6ಕ್ಕಿಂತ ಕಡಿಮೆ ಮಂದಿಗೆ, ಪಾಸಾಗದೆ ಆಡಿದವರಲ್ಲಿ ನೂರಕ್ಕೆ 38 ಮಂದಿಗೆ.

ಅಪಾಯ ಆ ಕಾಲಿಗಷ್ಟೇ ಅಲ್ಲ. ಸ್ಪೇನಿನ ಬ್ಯಾಡ್ಮಿಂಟನ್ ಆಟಗಾರ್ತಿ ಕರೋಲಿನಾ ಮರಿನ್ 2019ರ ಜನವರಿಯಲ್ಲಿ ಸೈನಾ ನೆಹ್ವಾಲ್ ಎದುರಿನ ಇಂಡೋನೇಷ್ಯಾ ಮಾಸ್ಟರ್ಸ್ ಫೈನಲ್‌ನಲ್ಲಿ ಬಲ ಮೊಣಕಾಲು ಹಿಡಿದು ಕುಸಿದರು. ಸೆಪ್ಟೆಂಬರಿಗೆಲ್ಲ ಮರಳಿ ಚೀನಾ ಓಪನ್ ಗೆದ್ದರು. 2021ರಲ್ಲಿ ಎಡ ಮೊಣಕಾಲು, 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಮತ್ತೆ ಬಲ ಮೊಣಕಾಲು. ಜಗತ್ತಿನ ಅತ್ಯುತ್ತಮ ಆರೈಕೆ ಸಿಗುವವರ ಕಥೆಯೇ ಹೀಗಾದರೆ, ಐದನೆಯ ತಿಂಗಳಲ್ಲಿ "ಒಂದೇ ಮ್ಯಾಚ್ ಸಾರ್" ಎಂದು ಬರುವ ಹುಡುಗರಿಗೆ ನಾನು ಸೊಪ್ಪು ಹಾಕುವುದಿಲ್ಲ. ಎರಡೂ ಕಾಲಿಗೆ ಇಳಿಯುವುದು, ತಿರುಗುವುದು, ನಿಲ್ಲುವುದು ಹೊಸದಾಗಿ ಕಲಿಸಬೇಕು. ಕನ್ನಡಿ ಮುಂದೆ ನಿಂತು ಒಂಟಿಕಾಲಲ್ಲಿ ಅರ್ಧ ಕೂತು ಏಳಿ. ಮಂಡಿಚಿಪ್ಪು ಹೆಬ್ಬೆರಳನ್ನೂ ದಾಟಿ ಒಳಕ್ಕೆ ಓಲಿದರೆ ಪೃಷ್ಠದ ಸ್ನಾಯು ಇನ್ನೂ ಕೆಲಸಕ್ಕೆ ಬಂದಿಲ್ಲ.

ಹುಳಿ ಬಕೆಟ್ಟಿನ ಹುಡುಗನ ಕಥೆಯಲ್ಲಿ ಒಂದು ತೊಡಕಿತ್ತು. ಸಂಜೆ ರೇಡರ್, ಹಗಲು ಟೈಲ್ಸ್ ಕೆಲಸ. ಆಟ ಬಿಟಿಬಿ ಕೇಳುತ್ತಿತ್ತು, ಹೊಟ್ಟೆಪಾಡು ಬೇಡ ಅನ್ನುತ್ತಿತ್ತು. ಕ್ವಾಡ್ರಿಸೆಪ್ಸ್ ಗ್ರಾಫ್ಟ್ ಮಾಡುವ ಸರ್ಜನ್ ಅವನಿಗೆ ಹತ್ತಿರದಲ್ಲಿ ಸಿಗಲಿಲ್ಲ. ವಾರವಿಡೀ ಲೆಕ್ಕ ಹಾಕಿ ಬಂದು ಅವನೇ ಹೇಳಿದ: "ಕಬಡ್ಡಿ ವರ್ಷಕ್ಕೆ ಏಳೆಂಟು ಟೂರ್ನಮೆಂಟು ಸಾರ್. ಮಂಡಿ ಊರೋದು ದಿನಾ." ಹ್ಯಾಮ್‌ಸ್ಟ್ರಿಂಗ್ ತೆಗೆಸಿಕೊಂಡ, ಜೊತೆಗೆ ಎಲ್‌ಇಟಿ. ಐದು ತಿಂಗಳಿಗೆ ದಪ್ಪ ನೀ-ಪ್ಯಾಡ್ ಹಾಕಿಕೊಂಡು ಕೆಲಸಕ್ಕೆ ಹೋದ, ಜಿಗಿತದ ಪರೀಕ್ಷೆ ಪಾಸಾದದ್ದು ಹನ್ನೊಂದನೆಯ ತಿಂಗಳಲ್ಲಿ. ಗಾಯದ ಪಕ್ಕ ಅಂಗೈಯಗಲ ಜಾಗ ಈಗಲೂ ಮರಗಟ್ಟಿದೆ, ಚರ್ಮದ ಸಣ್ಣ ನರವೊಂದು ಹೋಗಿರುತ್ತದೆ. ಬೋರಲು ಮಲಗಿ ಹಿಮ್ಮಡಿ ಎಳೆದುಕೊಂಡರೆ ಎಡದ್ದು ಪೃಷ್ಠಕ್ಕೆ ತಾಗುತ್ತದೆ, ಬಲದ್ದು ನಾಲ್ಕು ಬೆರಳು ದೂರದಲ್ಲಿ ನಿಲ್ಲುತ್ತದೆ. ಅದನ್ನು ನಾನು ಅಳೆಯುವ ಮೊದಲೇ ಅವನು ಕಂಡುಕೊಂಡಿದ್ದ.